ಹುಸೇನಬಿ ಆಯಿಯ ಅಂಗೈ

ಹುಸೇನಬಿ ಆಯಿ ಯಾರನ್ನು ಮಾತನಾಡಿಸಿದರೂ ಮೊದಲು ಅವರ ಎದೆಯ ಮೇಲೆ ಅಂಗೈ ಇಡುತ್ತಿದ್ದಳು. ಗಂಡಸು, ಹೆಂಗಸು ಎಂಬ ಭೇದವಿರಲಿಲ್ಲ. ತಪಾಸಣೆಗೆ ಬಂದ ತಾಲೂಕಿನ ಮಾಮಲೇದಾರರ ಎದೆಯ ಮೇಲೂ ಒಮ್ಮೆ ಕೈಯಿಟ್ಟು, “ಒಳಗ ಭಾಳ ಗಡಬಡಿ ನಡದೈತ್ರಿ, ಸ್ವಲ್ಪ ಕುಂಡ್ರಿ” ಎಂದು ಊರನ್ನೇ ನಗಿಸಿದ್ದಳು.

ಹೆಬ್ಬಳ್ಳಿಯ ಸುತ್ತಲಿನ ಐದಾರು ಹಳ್ಳಿಗಳಿಗೆ ಅವಳೇ ಸೂಲಗಿತ್ತಿ. ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಹಾಗಾಗಿ ಮೂವತ್ತರ ದಶಕದಲ್ಲಿ ನಾನು ಮುಂಬಯಿಯಲ್ಲಿ ಡಾಕ್ಟರಿಕೆ ಕಲಿತು ಬಂದು, ಪೇಟೆಯ ದುರ್ಗದಬೈಲಿನಲ್ಲಿ ದವಾಖಾನೆ ತೆರೆದ ಮೇಲೂ ರೋಗಿಗಳೆದುರಿಗೇ ನನ್ನನ್ನು ‘ಬಸ್ಯಾ’ ಎಂದು ಕೂಗುತ್ತಿದ್ದಳು.

ಒಂದು ದಿನ ಏಳು ತಿಂಗಳ ಬಸುರಿ ಗಂಗವ್ವನನ್ನು ಚಕ್ಕಡಿಯಲ್ಲಿ ಕರೆತಂದಳು. ನಾಲ್ಕು ಹೆಜ್ಜೆ ನಡೆದರೆ ಹುಡುಗಿಗೆ ಏದುಸಿರು. ನಾನು ಸ್ಟೆಥಾಸ್ಕೋಪನ್ನು ಹಾಗೆ ಇಟ್ಟು ಹೀಗೆ ತೆಗೆದು, ರಕ್ತ ಕಡಿಮೆಯಾಗಿದೆಯೆಂದು ಟಾನಿಕ್ ಬರೆಯತೊಡಗಿದೆ. ಆಯಿ ನನ್ನ ಕೈಯಿಂದ ಲೇಖನಿ ಕಸಿದು, ಆ ಕೈಯನ್ನೇ ಗಂಗವ್ವನ ಎದೆಯ ಎಡಭಾಗಕ್ಕೆ ಒತ್ತಿದಳು.

“ಒಳಗ ಬೆಕ್ಕು ಗುರುಗುಡಾಕತ್ತೈತಿ, ಗೊತ್ತಾತೇನು? ಸಣ್ಣಾಕಿದ್ದಾಗ ಈಕಿಗೆ ಕೀಲು ಬಾತು ಜ್ವರ ಬಂದಿತ್ತು. ಅಂಥಾ ಹುಡುಗ್ಯಾರು ಬಸರಾದಾಗ ಹಿಂಗ ಏದತಾರ. ನಾ ಭಾಳ ಮಂದೀನ್ನ ನೋಡೇನಿ.”

ಹೌದು, ಗುರುಗುಡುತ್ತಿತ್ತು. ಕೀಲುಜ್ವರದಿಂದ ಹೃದಯದ ಕವಾಟ ಕಿರಿದಾದರೆ ಹೀಗಾಗುತ್ತದೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾದವನು ನಾನು. ಟಾನಿಕ್ಕಿನ ಚೀಟಿ ಹರಿದೆ. ಔಷಧಿ ಬದಲಿಸಿ, ಪೂರ್ತಿ ವಿಶ್ರಾಂತಿ ಹೇಳಿದೆ. ಹೆರಿಗೆಯ ದಿನ ಆಯಿ, ಮಲಗಿದರೆ ಉಸಿರು ಕಟ್ಟುತ್ತದೆಂದು ಗಂಗವ್ವನನ್ನು ಮಲಗಗೊಡದೆ, ದಿಂಬಿಗೊರಗಿಸಿ ಕೂರಿಸಿಯೇ ಹೆರಿಗೆ ಮಾಡಿಸಿದಳು. ನಾನು ಪಕ್ಕದಲ್ಲಿ ನಾಡಿ ಹಿಡಿದು ಕುಳಿತಿದ್ದೆ. ತಾಯಿ, ಮಗಳು ಇಬ್ಬರೂ ಉಳಿದರು.

ಇಂಥವರು ಇನ್ನೆಷ್ಟು ಜನ ಎಂದು ಕೇಳಿದೆ. ಆಯಿ ಹೆಸರು ಹೇಳುತ್ತ ಹೋದಳು. ಅದರಲ್ಲಿ ಬದುಕಿದವರಿಗಿಂತ ಸತ್ತವರೇ ಹೆಚ್ಚು. ಕೀಲುಜ್ವರ ಬಂದ ಹುಡುಗಿಯರನ್ನು ಮದುವೆಗೆ ಮೊದಲೇ ಗುರುತಿಸಬೇಕೆನಿಸಿತು. ವಾರಕ್ಕೆರಡು ದಿನ ದವಾಖಾನೆ ಮುಚ್ಚಿ, ಹೆಸರು, ಲಕ್ಷಣ ಬರೆದುಕೊಳ್ಳಲು ವಹಿ ಹಿಡಿದು ಅವಳ ಹಿಂದೆ ಹಳ್ಳಿ ತಿರುಗತೊಡಗಿದೆ.

ತೊಂದರೆಯೆಂದರೆ ನನಗಿನ್ನೂ ಮದುವೆಯಾಗಿರಲಿಲ್ಲ. ಕೋಟು ತೊಟ್ಟ ಡಾಕ್ಟರು ಹರೆಯದ ಹುಡುಗಿಯಿರುವ ಮನೆಗೆ ಹೋದರೆ, ಕನ್ಯೆ ನೋಡಲು ಬಂದನೆಂದೇ ಜನ ತಿಳಿಯುತ್ತಿದ್ದರು. ಜಮಖಾನೆ ಹಾಸಿ, ತಟ್ಟೆ ತುಂಬ ಅವಲಕ್ಕಿ ತರುತ್ತಿದ್ದರು. ಆಯಿ ತನ್ನ ಪಾಲು ಮುಗಿಸಿ, ಸಂಕೋಚದಿಂದ ನಾನು ಬಿಟ್ಟದ್ದನ್ನೂ ಮುಗಿಸಿ, ಕೈ ತೊಳೆದ ಮೇಲೆ ಹೇಳುತ್ತಿದ್ದಳು: “ಇಂವ ಕನ್ಯಾ ನೋಡಾಕ ಬಂದಿಲ್ರಿ, ಎದಿ ಕೇಳಾಕ ಬಂದಾನ.” ಮೊದಲೇ ಯಾಕೆ ಹೇಳಬಾರದೆಂದು ಸಿಡುಕಿದರೆ, ಮೊದಲೇ ಹೇಳಿದರೆ ಅವಲಕ್ಕಿ ಬರುವುದಿಲ್ಲ ಎಂಬ ಉತ್ತರ. ಒಬ್ಬ ತಂದೆಯಂತೂ ಸೋಲದೆ, “ಕೇಳ್ರಿ ಡಾಕ್ಟರ. ಎದಿ ಛಲೋ ಇದ್ರ ಮುಂದಿನ ಮಾತು ಆಡೋಣು” ಎಂದುಬಿಟ್ಟ.

ಆ ವಹಿ ನೋಡಿ ಮುಂಬಯಿಯ ನನ್ನ ಗುರುಗಳು ನನ್ನನ್ನು ಹೃದ್ರೋಗದ ಸಂಶೋಧನೆಗೆ ಸೇರಿಸಿಕೊಂಡರು. ಮೊದಲ ಲೇಖನ ಅಚ್ಚಾದಾಗ ಹೆಬ್ಬಳ್ಳಿಗೆ ಒಯ್ದೆ. ಕಟ್ಟೆಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಆಯಿ, ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ನನ್ನ ತಲೆ ತಗ್ಗಿತು. ಹಳ್ಳಿಯ ಒಬ್ಬ ವೃದ್ಧ ಸೂಲಗಿತ್ತಿಯಿಂದ ತಿಳಿದದ್ದು ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿದ್ದೆ. ಅದನ್ನೇ ಕನ್ನಡದಲ್ಲಿ ಹೇಳಿದೆ. ಅವಳು ಕುಟ್ಟುವುದನ್ನು ನಿಲ್ಲಿಸಿದಳು.

“ಹೆಸರು ಬಿಟ್ಟಿದ್ದು ಹೋಗ್ಲಿ, ಬಸ್ಯಾ. ಮುದುಕಿ ಅಂತ ಯಾಕ ಬರದಿ? ಯಾರು ಹೇಳ್ಯಾರ ನಿನಗ?”

ಅವಳಿಗಾಗ ಎಪ್ಪತ್ತು ದಾಟಿತ್ತು. ತಪ್ಪಾಯಿತು, ತಿದ್ದುತ್ತೇನೆ ಎಂದೆ.

ಎರಡನೆಯ ಲೇಖನದಲ್ಲಿ ತಿದ್ದಿದೆ. ಅವಳ ಪೂರ್ತಿ ಹೆಸರು ಹಾಕಿ, ಇದನ್ನು ನನಗಿಂತ ಮೊದಲು ಕಂಡವಳು ಅವಳೇ ಎಂದು ಬರೆದೆ. ವಯಸ್ಸು ಮಾತ್ರ ಬರೆಯಲಿಲ್ಲ. ಅದು ಅಚ್ಚಾಗುವಷ್ಟರಲ್ಲಿ ಆಯಿ ತೀರಿಕೊಂಡಿದ್ದಳು. ಓದಿ ಹೇಳುವುದು ಹಾಗೆಯೇ ಉಳಿಯಿತು.