ಬಾಗಿಲಲ್ಲಿ ನುಡಿಸುವ ಒನುಫ್ರಿ

ಬೆಳಗಿನ ಆರು ಗಂಟೆ. ಹಳ್ಳಿಯ ಸಂಸ್ಕೃತಿ ಭವನಕ್ಕೆ ಕರೆಂಟು ಬರುತ್ತಿದ್ದಂತೆ ಒನುಫ್ರಿ ಕುಶ್ನಿರ್ ಕೀಬೋರ್ಡಿಗೆ ಕೈಯಿಡುತ್ತಾರೆ. ಎಂಟಕ್ಕೆ ಮತ್ತೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ತಾಲೀಮು ಮುಗಿಯಬೇಕು. ಗಿಟಾರಿನವರು, ಹಾಡುವವರು ಎಲ್ಲ ಚಳಿಗೆ ಕೋಟು ತೊಟ್ಟೇ ನಿಂತಿದ್ದಾರೆ. ಡ್ರಮ್ಸ್ ಹಿಂದಿನ ಸ್ಟೂಲು ಮಾತ್ರ ಖಾಲಿ. ಡ್ರಮ್ಮರ್ ಝಖಾರ್ ಯುದ್ಧಕ್ಕೆ ಹೋಗಿದ್ದಾನೆ. ತಾಳ ಹಾಕುವುದೂ ಈಗ ಕೀಬೋರ್ಡೇ.

ತುತ್ತೂರಿಯ ಹೆರಾಸಿಮ್ ಆಕಳಿಸುತ್ತಾನೆ.

“ಏನಯ್ಯಾ, ಊದೋದಕ್ಕಿಂತ ಆಕಳಿಸೋದೇ ಜಾಸ್ತಿ ಆಯ್ತಲ್ಲ?” ಎನ್ನುತ್ತಾರೆ ಒನುಫ್ರಿ.

“ನಿಮ್ಮ ಹಾಡು ಕೇಳಿದ್ರೆ ಯಾರಿಗೆ ನಿದ್ದೆ ಬರಲ್ಲ ಹೇಳಿ, ಒನುಫ್ರಿಯವ್ರೇ.”

ಇವತ್ತು ಸಂಜೆ ಚೆರ್ನಿವ್‌ತ್ಸಿ ನಗರದ ದೊಡ್ಡ ಸಭಾಂಗಣದಲ್ಲಿ ಇವರ ‘ಪೆರೆಲಾಜ್’ ತಂಡದ ಕಾರ್ಯಕ್ರಮ. ಮದುವೆಯೂಟದ ಮೇಜುಗಳ ನಡುವೆ ಅಲ್ಲ, ಟಿಕೆಟ್ ಕೊಂಡು ಬಂದವರ ಎದುರು. ಮೂವತ್ತು ವರ್ಷಗಳಿಂದ ಒನುಫ್ರಿ ಕಾಯುತ್ತಿರುವುದು ಇದಕ್ಕೇ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಎಪ್ಪತ್ತನಾಲ್ಕರ ಒನುಫ್ರಿ ಹಾಡು ಕಟ್ಟಲು ಶುರು ಮಾಡಿದ್ದು ಸಕ್ಕರೆ ಕಾರ್ಖಾನೆಯ ವಾದ್ಯತಂಡದಲ್ಲಿ. ಆಗ ಅವರ ಹಾಡುಗಳು ರೇಡಿಯೊದಲ್ಲಿ ಬರುತ್ತಿದ್ದವು, ಊರೂರಿನ ಹುಡುಗಿಯರು ಹಸ್ತಾಕ್ಷರಕ್ಕೆ ಮುಗಿಬೀಳುತ್ತಿದ್ದರು. ಆಮೇಲೆ ಸೋವಿಯತ್ ಒಕ್ಕೂಟ ಹೋಯಿತು, ಕಾರ್ಖಾನೆ ಮುಚ್ಚಿತು, ರೇಡಿಯೊ ಅವರನ್ನು ಮರೆಯಿತು. ಉಳಿದದ್ದು ಮದುವೆಗಳು. ನಮ್ಮ ಕಡೆ ವಾದ್ಯದವರು ಮದುವೆಮನೆಯ ಬಾಗಿಲಲ್ಲಿ ನಿಂತು, ಬಂದ ಒಬ್ಬೊಬ್ಬರಿಗೂ ಸ್ವಾಗತದ ಮಾರ್ಚ್ ನುಡಿಸಬೇಕು. ನನ್ನ ಮದುವೆಗೆ ಎಲ್ಲ ಮುಗಿದ ಮೇಲೆ ಬಂದ ನನ್ನ ಚಿಕ್ಕಪ್ಪನಿಗೂ ಇವರು ನುಡಿಸಿದ್ದರು.

“ಊಟಕ್ಕೆ ಕೂತಿರ್ತೀವಿ, ಬಾಯಲ್ಲಿ ತುತ್ತು ಇರುತ್ತೆ. ಯಾರೋ ಬಂದ್ರು ಅಂದ್ರೆ ಎದ್ದು ಊದಲೇಬೇಕು. ಬಂದೋರನ್ನ ಸುಮ್ನೆ ಒಳಗೆ ಬಿಟ್ರೆ ಅವಮಾನ ಅಲ್ವಾ?” ಎನ್ನುತ್ತಾರೆ ಒನುಫ್ರಿ.

ಸಂಜೆ ಸಭಾಂಗಣ ತುಂಬಿದೆ. ಎರಡನೇ ಹಾಡಿನ ನಡುವೆ ವಾಯುದಾಳಿಯ ಸೈರನ್ ಕೂಗುತ್ತದೆ. ಕೆಲವರು ನೆಲಮಾಳಿಗೆಗೆ ಇಳಿಯುತ್ತಾರೆ, ಎಷ್ಟೋ ಜನ ಬೀದಿಗಿಳಿದು ಬೇರೆ ಆಸರೆ ಹುಡುಕಿಕೊಳ್ಳುತ್ತಾರೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಳಿತ ಒನುಫ್ರಿ ಸಪ್ಪಗಾಗಿದ್ದಾರೆ.

“ಹೋದೋರು ಮತ್ತೆಲ್ಲಿ ಬರ್ತಾರೆ ಬಿಡು. ಮುಗೀತು.”

ನನಗೆ ಅಳುವೇ ಬರುತ್ತದೆ.

ಅಪಾಯ ಕಳೆಯಿತೆಂಬ ಸೂಚನೆ ಸಿಕ್ಕಾಗ ತಂಡ ಎಲ್ಲರಿಗಿಂತ ಮೊದಲು ಮೇಲೆ ಬಂದು ಖಾಲಿ ಕುರ್ಚಿಗಳ ಎದುರು ನಿಲ್ಲುತ್ತದೆ. ಬಾಗಿಲು ತಳ್ಳಿಕೊಂಡು ಅಜ್ಜಿಯೊಬ್ಬರು ಒಳಗೆ ಬರುತ್ತಾರೆ. ಅಭ್ಯಾಸಬಲ. ಹೆರಾಸಿಮ್ ತುತ್ತೂರಿ ಎತ್ತಿ ಮದುವೆಯ ಮಾರ್ಚ್ ಊದಿಯೇಬಿಡುತ್ತಾನೆ. ಇಂಥ ವೇದಿಕೆಯಲ್ಲಿ ಇದೆಂಥ ಎಡವಟ್ಟು ಎಂದು ಒನುಫ್ರಿ ಕಣ್ಣು ಬಿಡುತ್ತಾರೆ. ಅಜ್ಜಿಯಾದರೋ ತಲೆವಸ್ತ್ರ ಸರಿಮಾಡಿಕೊಂಡು, ಬೀಗಿತ್ತಿಯ ಗತ್ತಿನಲ್ಲಿ ನಡೆದು ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಹಿಂದಿನಿಂದ ಇನ್ನೊಬ್ಬರು. ಈ ಸಲ ಒನುಫ್ರಿಯೇ ಕೈ ಬೀಸುತ್ತಾರೆ, ಇಡೀ ತಂಡ ನುಡಿಸುತ್ತದೆ. ಸದ್ದು ಬೀದಿಗೆ ಹರಿಯುತ್ತದೆ, ಮನೆಯ ದಾರಿ ಹಿಡಿದವರೂ ತಿರುಗಿ ಬರುತ್ತಾರೆ. ಒಬ್ಬಾತ ಮಾರ್ಚಿನ ಆಸೆಗೆ ಹೊರಗೆ ಹೋಗಿ ಮತ್ತೊಮ್ಮೆ ಒಳಗೆ ಬರುತ್ತಾನೆ. ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಲ್ಲುತ್ತಾರೆ. ನಾನು ಬರೆಯುವುದು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದೇನೆ.

ಕಾರ್ಯಕ್ರಮ ಮುಗಿದ ಮೇಲೆ, ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ಒನುಫ್ರಿ ಡ್ರಮ್ಸಿನ ಸ್ಟೂಲನ್ನು ತಾವೇ ಎತ್ತಿ ವ್ಯಾನಿನಲ್ಲಿ ಇಡುತ್ತಾರೆ.

“ಝಖಾರ್ ಯಾವ ಹೊತ್ತಿಗೆ ಬಂದ್ರೂ ಸರಿ, ಅವನ ಮನೆ ಬಾಗಿಲಲ್ಲಿ ನಾವು ನಿಂತಿರಬೇಕು. ತಾಳ ತಪ್ಪಿದ್ರೆ ಅವನೇ ಬೈಲಿ.”