ಮಗ್ಗದ ಪುಸ್ತಕವನ್ನು ಅಳಿಸಿದ್ದು ಕಸ್ತೂರಿ ಆಂಟಿ ಅಲ್ಲ

ಅಮೆರಿಕದ ಈ ಕ್ಯಾಂಟನ್ ಊರಿನ ನಮ್ಮ ಕನ್ನಡದವರ ಮನೆಗಳಲ್ಲಿ ಒಂದು ಕಥೆ ಓಡಾಡುತ್ತದೆ. ಕಸ್ತೂರಿ ಆಂಟಿ ಯಾವುದೋ ಕಳ್ಳ ಇಮೇಲ್ ತೆರೆದರು, ವೈರಸ್ ಬಂತು, ಅವರ ಗಂಡ ಮಹಾಂತೇಶ ಅಂಕಲ್ ಹನ್ನೊಂದು ವರ್ಷ ಕೂತು ಬರೆದ ಪುಸ್ತಕ ಒಂದೇ ದಿನದಲ್ಲಿ ಹೋಯಿತು — ಹೀಗಂತ. ಇದನ್ನು ಹೇಳುವವರು ಯಾರಾದರೂ ಆ ಇಮೇಲ್ ನೋಡಿದ್ದಾರಾ? ಆ ವೈರಸ್ಸಿನ ಹೆಸರೇನು ಎಂದು ಕೇಳಿದ್ದಾರಾ? ಈ ಕಥೆಗೆ ಇರುವುದು ಒಬ್ಬಳೇ ಸಾಕ್ಷಿ, ಅವಳು ನಾನು. ನಾನು ಹೇಳಿದ್ದು ಸುಳ್ಳು. ವೈರಸ್ ಇರಲೇ ಇಲ್ಲ. ಪುಸ್ತಕ ಅಳಿಸಿದ್ದು ನಾನು.

ಮೊದಲು ತಿಳಿಯದೆ ಹೇಳಿದ ಸುಳ್ಳು. ಐದೇ ವಾರದಲ್ಲಿ ನಿಜ ತಿಳಿಯಿತು, ಆದರೂ ಸುಳ್ಳನ್ನೇ ಉಳಿಸಿಕೊಂಡೆ. ಅದಕ್ಕೆ ಈಗ ಒಂಬತ್ತು ವರ್ಷ.

ಆಂಟಿ, ಇದನ್ನು ನಿಮಗೇ ಬರೆಯುತ್ತಿದ್ದೇನೆ. ಕನ್ನಡದಲ್ಲೇ — ಇಂಗ್ಲಿಷಿನಲ್ಲಾದರೆ ನಾನು ಏನನ್ನು ಬೇಕಾದರೂ ಸರಿ ಎಂದು ಸಾಧಿಸಿಬಿಡುತ್ತೇನೆ. ಉಳಿದವರೂ ಓದಲಿ. ಕಥೆ ಅವರ ಬಾಯಲ್ಲೂ ಇದೆಯಲ್ಲ.

ಆಗ ನನಗೆ ಹದಿನೇಳು, ಸ್ಕೂಲಿನ ಡಿಬೇಟ್ ಟೀಮಿನಲ್ಲಿದ್ದೆ. ನಮ್ಮ ಬಡಾವಣೆಯ ಪದ್ಧತಿ ನಿಮಗೆ ಗೊತ್ತೇ ಇದೆ: ಅಂಕಲ್‌ಗಳೆಲ್ಲ ಇಂಜಿನಿಯರುಗಳು, ಆದರೂ ಮನೆಯ ಕಂಪ್ಯೂಟರ್ ಮುನಿಸಿಕೊಂಡರೆ ಯಾರದಾದರೂ ಮಕ್ಕಳಿಗೆ ಫೋನು ಹೋಗುತ್ತದೆ. 'ಇಲ್ಲೇ ಹುಟ್ಟಿದೋರು, ಅವರಿಗೆ ಬರತ್ತೆ ಬಿಡಿ' ಎನ್ನುತ್ತಾರೆ. ಕನ್ನಡ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಓದುತ್ತಿದ್ದವಳ ಕೈಗೆ ಒಂದಿಡೀ ಕನ್ನಡ ಪುಸ್ತಕವಿದ್ದ ಕಂಪ್ಯೂಟರ್ ಕೊಟ್ಟರೆ ಏನಾಗಬಹುದು ಎಂದು ಯಾರೂ ಯೋಚಿಸಲಿಲ್ಲ. ನಾನಂತೂ ಯೋಚಿಸಲಿಲ್ಲ.

ಆ ಶನಿವಾರ ಅಂಕಲ್ ಕೆಲಸದ ಮೇಲೆ ವಿಕ್ಸಮ್ ಊರಿನ ಪ್ಲಾಂಟಿಗೆ ಹೋಗಿದ್ದರು. ನೀವು ಕರೆದಿರಿ.

"ಬಾರವಾ ಮೇಘಾ. ಈ ಡಬ್ಬಿ ಚಾಲೂ ಆಗೂದ್ರಾಗ ನಂದು ಒಂದು ಬುಟ್ಟಿ ರೊಟ್ಟಿ ಬಡದು ಮುಗೀತೈತಿ."

ನಕ್ಕೆ. ಏನಾದರೂ ಕ್ಲಿಕ್ ಮಾಡಿದಿರಾ ಎಂದು ಕೇಳಿದೆ. ಪಾರ್ಸೆಲ್ ಬಂದಿದೆ ಅಂತ ಒಂದು ಮೇಲ್ ಇತ್ತು, ತೆರೆದೆ, ಏನೂ ಇರಲಿಲ್ಲ, ಮುಚ್ಚಿದೆ ಎಂದಿರಿ. ಡಾಕ್ಟರ ಮುಂದೆ ಹೇಳುವ ಹಾಗೆ, ಮುಚ್ಚುಮರೆಯಿಲ್ಲದೆ. ಆ ಪ್ರಾಮಾಣಿಕತೆಯನ್ನೇ ನಾನು ಆಮೇಲೆ ನಿಮ್ಮ ವಿರುದ್ಧ —

ಇರಲಿ, ಕ್ರಮವಾಗಿ ಹೇಳುತ್ತೇನೆ.

ಕಂಪ್ಯೂಟರ್ ನಿಧಾನವಾದರೆ ನೋಡಬೇಕಾದ್ದು ಇಷ್ಟೇ: ಡಿಸ್ಕ್ ತುಂಬಿದೆಯಾ, ಯಾವ ಪ್ರೋಗ್ರಾಂ ಮೆಮೊರಿ ತಿನ್ನುತ್ತಿದೆ, ಬೇಡದ್ದು ಏನಾದರೂ ತಾನಾಗಿ ಶುರುವಾಗುತ್ತಿದೆಯಾ. ಅರ್ಧ ಗಂಟೆಯ ಕೆಲಸ, ತಾಳ್ಮೆ ಬೇಕು. ನನಗೆ ಮೂರು ಗಂಟೆಗೆ ಡಿಬೇಟ್ ಪ್ರಾಕ್ಟೀಸ್ ಇತ್ತು. ಹಾಗಾಗಿ ನೇರ ರೀಸೆಟ್ ಒತ್ತಿದೆ. ಫೈಲುಗಳು ಹಾಗೇ ಇರಲಿ, ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗಲಿ ಎನ್ನುವ ಆಯ್ಕೆ. ಮುಗಿಯಿತು, ಕಂಪ್ಯೂಟರ್ ಗಾಳಿಯ ಹಾಗೆ ಓಡಿತು. ಎಲ್ಲ ಸರಿಯಿದೆಯಾ ನೋಡೋಣ ಎಂದು ಅಂಕಲ್ ಅವರ ಫೋಲ್ಡರ್ ತೆರೆದೆ.

ಕನ್ನಡವಿಲ್ಲ. ಪುಟದ ತುಂಬ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಚುಕ್ಕೆ, ಗೀಟು. ಎಲ್ಲ ಅಧ್ಯಾಯಗಳೂ ಹಾಗೇ.

ಅದು ಎಂಥ ಪುಸ್ತಕ ಎನ್ನುವುದು ನನಗೆ ಗೊತ್ತಿತ್ತು. ಅಂಕಲ್ ಗುಳೇದಗುಡ್ಡದ ಕಡೆಯ ನೇಕಾರರ ಮನೆಯವರು. ಪ್ರತಿ ಭಾನುವಾರ ಊರಿನ ಅಣ್ಣನಿಗೆ ಫೋನು ಮಾಡಿ, ಮಗ್ಗದ ಒಂದೊಂದು ಭಾಗದ ಹೆಸರು, ಹಾಸು ಹೂಡುವ ರೀತಿ, ಲಾಳಿ ಓಡಿಸುತ್ತ ಲೆಕ್ಕ ನೆನಪಿಡುವ ರೀತಿ, ಎಲ್ಲ ಕೇಳಿ ಕೇಳಿ ಟೈಪ್ ಮಾಡುತ್ತಿದ್ದರು. ಆ ಅಣ್ಣ ಹಿಂದಿನ ಚಳಿಗಾಲ ತೀರಿಕೊಂಡಿದ್ದರು.

"ಮೊದ್ಲ ಕನ್ನಡ ಕಾಣ್ತಿತ್ತವಾ," ಎಂದಿರಿ ನನ್ನ ಹೆಗಲ ಮೇಲಿಂದ ಬಗ್ಗಿ. "ಅಂಕಲ್ ಅದಕ್ಕ ಏನೋ ಹಾಕಿರ್ತಾರ. ಅವರು ಬರೂತನಾ ಬಿಡು."

ಬಿಡಬಹುದಿತ್ತು. ನೀವು ಹೇಳಿದ್ದರಲ್ಲೇ ಉತ್ತರವೂ ಇತ್ತು. ಅಂಕಲ್ ಬಳಸುತ್ತಿದ್ದದ್ದು ಹಳೆಯ ಕಾಲದ ಫಾಂಟ್. ಅದರಲ್ಲಿ ಕನ್ನಡ ಒಳಗೊಳಗೆ ಇಂಗ್ಲಿಷ್ ಚಿಹ್ನೆಗಳಾಗಿಯೇ ಕೂತಿರುತ್ತದೆ. ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಕಸದ ಹಾಗೆ. ಫೈಲಿನ ಒಂದಕ್ಷರವೂ ಕೆಟ್ಟಿರಲಿಲ್ಲ. ರೀಸೆಟ್ ಮಾಡಿ ಫಾಂಟ್ ಕಿತ್ತುಹಾಕಿದ್ದು ನಾನೇ. ರಿಪೇರಿ ಮಾಡುವವರಿಗೆ ಒಂದು ಮೂಲಪಾಠವಿದೆ: ನೀನು ಕೈಯಿಟ್ಟ ಮೇಲೆ ಏನಾದರೂ ಕೆಟ್ಟರೆ, ಮೊದಲು ನಿನ್ನ ಕೈಯನ್ನು ಅನುಮಾನಿಸು. ಎಲ್ಲರನ್ನೂ ಎಲ್ಲವನ್ನೂ ಅನುಮಾನಿಸುತ್ತಿದ್ದ ನಾನು ಅದೊಂದನ್ನು ಅನುಮಾನಿಸಲಿಲ್ಲ.

ವಾದ ಹೂಡಿದೆ. ಒಂದು, ನೀವು ಅಪರಿಚಿತ ಮೇಲ್ ತೆರೆದಿದ್ದೀರಿ. ಎರಡು, ಫೈಲುಗಳು ಓದಲಾಗದಂತೆ ಆಗಿವೆ, ವೈರಸ್ ಮಾಡುವುದು ಇದನ್ನೇ. ಮೂರು, ಬಿಟ್ಟರೆ ಫೋಟೋಗಳಿಗೂ ಹರಡುತ್ತದೆ. ನೀವು ಆಗ ಅಡುಗೆಮನೆಯ ಡ್ರಾಯರಿನಿಂದ ಪೆನ್ ಡ್ರೈವ್ ತಂದಿರಿ, ಅದರಲ್ಲಿ ಇನ್ನೊಂದು ಪ್ರತಿ ಇತ್ತು. ಚುಚ್ಚಿ ನೋಡಿದೆ. ಅಲ್ಲೂ ಅದೇ ಕಸ — ಅದೇ ಕಂಪ್ಯೂಟರಿನಲ್ಲಿ ನೋಡಿದರೆ ಬೇರೆ ಹೇಗೆ ಕಂಡೀತು? ಅದನ್ನೇ ಸಾಕ್ಷಿ ಮಾಡಿದೆ. "ನೋಡಿ ಆಂಟಿ, ಇದಕ್ಕೂ ಹರಡಿದೆ! ನೀವು ಒತ್ತಿದ ಆ ಮೇಲ್‌ನಿಂದಲೇ ಆಗಿರೋದು."

ನೀವು ಸುಮ್ಮನಾದಿರಿ. ಎದುರಿನವರು ಸುಮ್ಮನಾದರೆ ಗೆದ್ದ ಹಾಗೆ, ಡಿಬೇಟಿನಲ್ಲಿ ನನಗೆ ಕಲಿಸಿದ್ದೂ ಅದನ್ನೇ. ಫೋಟೋಗಳನ್ನಷ್ಟೇ ಬೇರೆ ತೆಗೆದಿಟ್ಟು ಕಂಪ್ಯೂಟರನ್ನು ಪೂರ್ತಿ ಅಳಿಸಿದೆ. ಪೆನ್ ಡ್ರೈವನ್ನೂ ಫಾರ್ಮ್ಯಾಟ್ ಮಾಡಿದೆ. ಅಂಕಲ್ ಬಂದ ಮೇಲೆ ಇದೇ ವಾದವನ್ನು ಅವರಿಗೂ ಒಪ್ಪಿಸಿದೆ, ಅಚ್ಚುಕಟ್ಟಾಗಿ. ಅವರು ನನಗೆ "ಥ್ಯಾಂಕ್ಸ್ ಅಮ್ಮಾ, ನಿನ್ನ ಟೈಮ್ ಹಾಳಾತು" ಎಂದರು. ನಿಮ್ಮ ಕಡೆ ತಿರುಗಿ, ದನಿ ಏರಿಸದೆ, "ನಿನಗ ಅದನ್ನ ಮುಟ್ಟು ಅಂದವರ‍್ಯಾರು?" ಎಂದರು.

ಐದು ವಾರದ ನಂತರ ಕನ್ನಡ ಸಂಘದ ವಿಶೇಷಾಂಕಕ್ಕೆ ಫೈಲು ಜೋಡಿಸಲು ನನ್ನನ್ನು ಕೂರಿಸಿದ್ದರು. ಯಾರೋ ಕಳಿಸಿದ ಲೇಖನ ತೆರೆದೆ. ಅವೇ ಟೋಪಿಗಳು, ಅವೇ ಪೌಂಡಿನ ಗುರುತು. "ವೈರಸ್!" ಎಂದು ಕೂಗಿದೆ. ಪಕ್ಕದಲ್ಲಿದ್ದ ಆಂಟಿಯೊಬ್ಬರು ಬಿದ್ದು ಬಿದ್ದು ನಕ್ಕರು. "ಅಯ್ಯೋ ಪೆದ್ದೇ, ಫಾಂಟ್ ಇಲ್ಲ ಅಷ್ಟೇ ಕಣೆ!" ಎಂದು ಎರಡು ನಿಮಿಷದಲ್ಲಿ ಹಾಕಿಕೊಟ್ಟರು. ಪುಟ ಕನ್ನಡವಾಯಿತು. ಅಂಕಲ್ ಪುಸ್ತಕಕ್ಕೂ ಬೇಕಿದ್ದದ್ದು ಇಷ್ಟೇ.

ಇಲ್ಲಿಯವರೆಗಿನದನ್ನು ಅಜ್ಞಾನ ಎಂದು ಯಾರಾದರೂ ಕ್ಷಮಿಸಬಹುದು. ಮುಂದಿನದನ್ನು ಕೇಳಿ. ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿನಿಂದ ಫೈಲುಗಳನ್ನು ಎಷ್ಟೋ ಸಲ ಮರಳಿ ತೆಗೆಯಬಹುದು, ಅದರ ಮೇಲೆ ಬೇರೇನೂ ಬರೆಯದಿದ್ದರೆ. ಆ ರಾತ್ರಿಯೇ ಓದಿ ತಿಳಿದುಕೊಂಡೆ. ನಿಮ್ಮ ಪೆನ್ ಡ್ರೈವ್ ಡ್ರಾಯರಿನಲ್ಲಿ ಖಾಲಿ ಬಿದ್ದಿತ್ತು. ನಮ್ಮ ಮನೆಯಿಂದ ಕಾಲು ಮೈಲಿ ದೂರ. ಹೋಗಿ ಒಂದು ಮಾತು ಹೇಳಿದ್ದರೆ — ನಾಳೆ ಎಂದುಕೊಂಡೆ. ಟೂರ್ನಮೆಂಟ್ ಮುಗಿಯಲಿ ಎಂದುಕೊಂಡೆ.

ಯುಗಾದಿಯ ಮರುದಿನ ಅಂಕಲ್ ಅದೇ ಪೆನ್ ಡ್ರೈವ್ ಹಿಡಿದು ನಮ್ಮ ಮನೆಗೆ ಬಂದರು. ಹಬ್ಬದ ಫೋಟೋ, ವಿಡಿಯೋ ಎಲ್ಲ ಇದಕ್ಕೆ ತುಂಬಿಕೊಡು ಎಂದರು. ಹೊಸದೊಂದು ತನ್ನಿ ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಾರೆ ಎನ್ನುವ ಭಯ. ಅಂಕಲ್ ನಮ್ಮ ಮನೆಯ ಹಜಾರದಲ್ಲಿ ಅಪ್ಪನ ಜೊತೆ ಕಾಫಿ ಕುಡಿಯುತ್ತಿದ್ದಾಗ, ನಾನು ಒಳಗೆ ಕೂತು, ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದ್ದೂ, ಅದನ್ನು ಅಂಚಿನವರೆಗೆ ತುಂಬಿಸಿದೆ. ಪುಸ್ತಕ ನಿಜವಾಗಿ ಹೋದದ್ದು ಅವತ್ತು.

ಆಮೇಲೆ, ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ, ಯಾರೋ "ಕಸ್ತೂರಿ, ಮೈಕ್ರೋವೇವ್ ಮಾತ್ರ ಮುಟ್ಟಬೇಡಿ, ಊಟ ಎಲ್ಲ ಡಿಲೀಟ್ ಆಗೋಗತ್ತೆ" ಎಂದಾಗ ನಾನೂ ನಕ್ಕೆ. ನೀವೂ ನಕ್ಕಿರಿ.

ಈಗ ನಾನು ಬೇರೆ ರಾಜ್ಯದ ಇಟಾಸ್ಕಾದಲ್ಲಿ ಕೆಲಸಕ್ಕಿದ್ದೇನೆ. ಕಳೆದ ತಿಂಗಳು ಮನೆಗೆ ಡ್ರೈವ್ ಮಾಡಿಕೊಂಡು ಬಂದಾಗ, ಅಂಕಲ್ ತಂದ ಹೊಸ ಲ್ಯಾಪ್‌ಟಾಪ್ ಸೆಟ್ ಮಾಡಲು ಕರೆದರಲ್ಲ. ಗದಗಿನ ನಿಮ್ಮ ತಂಗಿಗೆ ಕಾಲ್ ಮಾಡಲು ಹಚ್ಚ ಹಸಿರು ಗುಂಡಿ ತೋರಿಸಿದೆ, ಒತ್ತಿ ಎಂದೆ. ನೀವು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿರಿ. "ಬ್ಯಾಡವಾ. ನನ್ನ ಕೈ ಛಲೋ ಅಲ್ಲ. ಅಂಕಲ್ ಒತ್ತತಾರ." ಮೊದಲೆಲ್ಲ ವಾರಕ್ಕೆ ಎರಡು ಸಲ ನೀವೇ ಕರೆ ಮಾಡಿ ಗಂಟೆಗಟ್ಟಲೆ ಹರಟುತ್ತಿದ್ದವರು. ಒಂಬತ್ತು ವರ್ಷದಿಂದ, ಸ್ವಂತ ತಂಗಿಯ ಜೊತೆ ಮಾತಾಡಲು, ಅಂಕಲ್ ಕುರ್ಚಿಯ ಹಿಂದೆ ನಿಂತು ಕಾಯುತ್ತೀರಂತೆ. ಅಂಕಲ್ ಅದನ್ನು ತಮಾಷೆಯಾಗಿ ಹೇಳಿದರು. ಅವತ್ತೂ ನಾನು ಬಾಯಿ ಬಿಡಲಿಲ್ಲ. ಉಂಡೆ, ಡಬ್ಬಿ ತುಂಬ ಶೇಂಗಾ ಚಟ್ನಿ ಕಟ್ಟಿಸಿಕೊಂಡೆ, ಹೊರಟೆ.

ಹದಿನೇಳು ವರ್ಷದ ಹುಡುಗಿ ಎಂದು ರಿಯಾಯಿತಿ ಕೊಡಬೇಡಿ. ನನಗೀಗ ಇಪ್ಪತ್ತಾರು. ಈ ಶನಿವಾರ ಬರುತ್ತೇನೆ, ಇದನ್ನು ಅಂಕಲ್ ಎದುರಿಗೇ ಗಟ್ಟಿಯಾಗಿ ಓದುತ್ತೇನೆ. ಅವರು ಏನಂದರೂ ವಾದ ಮಾಡುವುದಿಲ್ಲ. ಪುಸ್ತಕ ಬರುವುದಿಲ್ಲ, ಅದೂ ಗೊತ್ತು.

ನಿಮಗೆ ಒಂದೇ ಪ್ರಶ್ನೆ, ಆಂಟಿ. ಆ ಸಂಜೆ ನಾನು ಅಂಕಲ್‌ಗೆ ಎಲ್ಲ ಒಪ್ಪಿಸುತ್ತಿದ್ದಾಗ, 'ಅವರು ಬರೂತನಾ ಬಿಡು' ಎಂದು ನೀವು ತಡೆದಿದ್ದಿರಿ ಎನ್ನುವುದನ್ನು ಬಿಟ್ಟು ಹೇಳಿದೆ. ನೀವು ನನ್ನನ್ನು ಒಂದು ಸಲ ನೋಡಿ, ಅಡುಗೆಮನೆಗೆ ಹೋದಿರಿ. ನನ್ನ ಮಾತನ್ನು ನೀವು ನಂಬಿಯೇಬಿಟ್ಟಿದ್ದಿರಾ — ಇಲ್ಲಾ, ಎಲ್ಲ ಗೊತ್ತಿದ್ದೂ ನನ್ನನ್ನು ಉಳಿಸಿದಿರಾ?