ನಿಂತ ಕಾರಿನ ಕೆಂಪೆಣ್ಣೆ

ತಕ್ಕಡಿ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಾರುಕಟ್ಟೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಬಂದ ಕೋಪ ಅಂಗಾಲಿನಿಂದ ನೆತ್ತಿಗೆ ಹತ್ತಿದ್ದು. ಕಾರಿನ ಹೊಟ್ಟೆಯ ಕೆಳಗೆ, ಸಿಮೆಂಟ್ ನೆಲದ ಮೇಲೆ ಗೇರ್‌ಬಾಕ್ಸಿನ ಕೆಂಪೆಣ್ಣೆ ಹರಡಿಕೊಂಡಿತ್ತು. ಅದರ ಮೇಲೆ ಧೂಳು ಕೂತಿತ್ತು, ಧೂಳಿನಲ್ಲೊಂದು ಸತ್ತ ಜಿರಳೆ ಅಂಟಿಕೊಂಡಿತ್ತು. ನಿನ್ನೆ ಮೊನ್ನೆ ಸೋರಿದ ಎಣ್ಣೆಯಲ್ಲ ಅದು ಎಂದು ಹೇಳಲು ಯಾವ ಗ್ಯಾರೇಜ್ ಮೇಸ್ತ್ರಿಯೂ ಬೇಕಿರಲಿಲ್ಲ.

ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅಕ್ಕನ ಕೆಲಸ. ಕಿರಾಣಿಯವರು, ಹಣ್ಣಿನವರು, ಕಬ್ಬಿಣದಂಗಡಿಯವರು, ಯಾರ ತಕ್ಕಡಿಯ ಮುಳ್ಳು ತಪ್ಪಿದರೂ ಅವಳನ್ನೇ ಕರೆಯುತ್ತಿದ್ದರು. ಪರೀಕ್ಷೆಗೆ ಬೇಕಾದ ತೂಕದ ಕಲ್ಲುಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಅವಳು ಬೀದಿ ಬೀದಿ ತಿರುಗುತ್ತಿದ್ದಳು. ಚಿಕ್ಕಂದಿನಲ್ಲೇ ಜ್ವರ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ಆ ಕಾಲಿಗೆ ಕ್ಲಚ್ ತುಳಿಯುವ ಶಕ್ತಿಯಿಲ್ಲ. ಹಾಗಾಗಿ ಪ್ರಾಯದಲ್ಲಿ ಊರೆಲ್ಲ ಹುಡುಕಿ, ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಈ ಆಟೊಮ್ಯಾಟಿಕ್ ಕಾರನ್ನು ಕೊಂಡಳು. ಈಗ ಕಂಡವರೆಲ್ಲ ಹಳೇ ಕಾಲದ ಕಾರು ಎಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ ಪಾಪ. ಅವಳ ಮಟ್ಟಿಗೆ ಅದು ಜ್ವರ ಕಸಿದುಕೊಂಡ ಎಡಗಾಲು.

ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ನಿಗೆ ಹೋಗುವ ಮುಂಚೆ ತಮ್ಮನನ್ನು ಹತ್ತಿರ ಕರೆದು ಹೇಳಿದ್ದು ಕಾರಿನ ಮಾತೊಂದನ್ನೇ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡು, ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ ತೆಗೆ, ಸುಮ್ಮನೆ ನಿಂತರೆ ಗೇರಿನ ಎಣ್ಣೆಯೆಲ್ಲ ಕೆಳಗಿಳಿದು ತಳ ಸೇರುತ್ತದೆ, ಮೇಲಿನ ಸೀಲುಗಳು ಒಣಗಿ ಬಿರಿಯುತ್ತವೆ, ಸಿಕ್ಕ ಸಂದಿಯಲ್ಲೆಲ್ಲ ಸೋರುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದ್ದಳು. ತಮ್ಮ ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನದು ಎತ್ತಿದ ಕೈ. ಆಮೇಲೆ ತಂಗಿಯ ಮನೆಯಲ್ಲಿ ಮಲಗಿದ್ದಷ್ಟು ಕಾಲವೂ ಅವಳು ಫೋನಿನಲ್ಲಿ ಕಾರು ಹೇಗಿದೆ ಎಂದು ಕೇಳುತ್ತಿದ್ದಳು, ಅವನು ಚೆನ್ನಾಗಿದೆ ಎನ್ನುತ್ತಿದ್ದ. ಕೊನೆಗೆ ಡಾಕ್ಟರು ಇನ್ನು ಕಾರು ಓಡಿಸಬಹುದು ಎಂದ ಮರುದಿನವೇ ಅವಳು ಊರುಗೋಲು ಹಿಡಿದು ಬಂದು ಈ ಬಾಗಿಲು ತೆಗೆದಿದ್ದಳು.

ತಮ್ಮ ಅವಳ ಹಿಂದೆಯೇ ನಿಂತಿದ್ದ. ಅವನು ಬಸ್ ಡ್ರೈವರ್. ಮೂರು ಪೆಡಲಿಲ್ಲದ ಗಾಡಿಯನ್ನು ಗಾಡಿ ಎಂದು ಒಪ್ಪದ ಜಾತಿ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಬದಲಿಗೆ ತಾನೇನೋ ದೊಡ್ಡ ಕೆಲಸ ಮಾಡಿದವನಂತೆ ಒಂದೊಂದಾಗಿ ಹೇಳತೊಡಗಿದ. ಹೋದ ತಿಂಗಳು ಸೋರುವುದು ಕಣ್ಣಿಗೆ ಬಿತ್ತಂತೆ. ಗೇರಿನ ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೆರೆಗಿಂತ ಎಷ್ಟೋ ಮೇಲಿತ್ತಂತೆ. ಯಾರೋ ತಿಳಿಯದವರು ಹೆಚ್ಚಿಗೆ ಸುರಿದಿದ್ದಾರೆ, ಅದಕ್ಕೇ ತುಂಬಿ ಸೋರುತ್ತಿದೆ ಎಂದುಕೊಂಡು ಪೈಪು ಹಾಕಿ ಎಳೆದು ಗೆರೆಗೆ ಸರಿಯಾಗಿ ತಂದನಂತೆ. ಆಮೇಲೆ ಸ್ಟಾರ್ಟ್ ಮಾಡಿದರೆ ಎಂಜಿನ್ ಅರಚಿಕೊಂಡಿತೇ ಹೊರತು ಕಾರು ಕೂದಲೆಳೆಯಷ್ಟೂ ಕದಲಲಿಲ್ಲವಂತೆ.

"ಗೇರ್‌ಬಾಕ್ಸ್ ಮುಗೀತು ಅಕ್ಕ. ಗುಜರಿಯವನಿಗೆ ಹೇಳಿದ್ದೀನಿ, ಮಧ್ಯಾಹ್ನ ಬಂದು ಎತ್ಕೊಂಡು ಹೋಗ್ತಾನೆ" ಎಂದ.

ಅವನು ಮಾಡಿದ ತಪ್ಪು ಬಸ್ಸಿನವರೇ ಮಾಡುವ ತಪ್ಪು. ಬಸ್ಸಿನಲ್ಲಿ ಎಂಜಿನ್ ಆರಿಸಿ, ಎಂಜಿನ್ನಿನ ಎಣ್ಣೆ ಕೆಳಗಿಳಿಯಲು ಬಿಟ್ಟು ಕಡ್ಡಿ ನೋಡುತ್ತಾರೆ. ಜೀವಮಾನವೆಲ್ಲ ಹಾಗೆ ನೋಡಿದ ಕಣ್ಣು ಅವನದು. ಈ ಕಾರಿನ ಗೇರಿನ ಎಣ್ಣೆಯನ್ನು ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಆಗಲೇ ಮೇಲಿರಬೇಕಾದದ್ದು ಮೇಲೆ, ಕೆಳಗಿರಬೇಕಾದದ್ದು ಕೆಳಗೆ ಇರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಎಲ್ಲವೂ ತಳಕ್ಕಿಳಿದು, ಕಡ್ಡಿ ಶುದ್ಧ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ ಅವನು ಇದ್ದ ಎಣ್ಣೆಯನ್ನೂ ಹೊರಗೆಳೆದಿದ್ದ. ಸೋರಿದ್ದು ಒಂದಷ್ಟು, ಇವನು ಎಳೆದದ್ದು ಮತ್ತಷ್ಟು. ಮುಳ್ಳು ಸೊನ್ನೆಗೆ ನಿಲ್ಲುವ ಮೊದಲೇ ತೂಗುವವರನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಊರುಗೋಲು ಬೆನ್ನ ಮೇಲೆ ಬೀಳುತ್ತಿತ್ತು. ತಮ್ಮನಾದ್ದರಿಂದ ಬಾನೆಟ್ಟಿನ ಮೇಲೆ ಬಿತ್ತು.

ಎಳೆದ ಎಣ್ಣೆ ಎಲ್ಲಿ ಎಂದು ಕೇಳಿದಳು. ಸ್ವಲ್ಪ ಗೇಟಿನ ಕೀಲಿಗೆ ಹಾಕಿದೆ, ಉಳಿದದ್ದು ಚೆಲ್ಲಿದೆ ಎಂದ. ಅವನ ಬುದ್ಧಿಯನ್ನೂ ಅದರ ಜೊತೆಗೇ ಚೆಲ್ಲಿದ್ದರೆ ನಷ್ಟವೇನೂ ಇರಲಿಲ್ಲ ಎಂದು ಅಕ್ಕ ಬೈದಳು. ಪುಣ್ಯಕ್ಕೆ ಡಿಕ್ಕಿಯಲ್ಲಿ, ತೂಕದ ಕಲ್ಲುಗಳ ಹಿಂದೆ, ಅವಳೇ ಇಟ್ಟಿದ್ದ ಹೊಸ ಎಣ್ಣೆಯ ಡಬ್ಬಗಳು ಸೀಲು ಒಡೆಯದೆ ಹಾಗೇ ಇದ್ದವು.

ಬಗ್ಗಲು ಸೊಂಟ ಬಿಡಲಿಲ್ಲ. ಆದ್ದರಿಂದ ಅವಳು ಸ್ಟೀರಿಂಗ್ ಮುಂದೆ ಕೂತಳು, ಅವನಿಂದ ಬಾನೆಟ್ ಎತ್ತಿಸಿ ಅಲ್ಲೇ ನಿಲ್ಲಿಸಿದಳು. ಬ್ಯಾಟರಿಯನ್ನು ಅವನು ಹೋದ ತಿಂಗಳಷ್ಟೇ ಚಾರ್ಜ್ ಮಾಡಿಸಿದ್ದರಿಂದ ಎಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಈಗ ಕಡ್ಡಿ ತೆಗೆದು ನೋಡು ಎಂದಳು. ಅವನು ತೆಗೆದ, ಒರೆಸಿದ, ಮತ್ತೆ ಇಳಿಸಿ ತೆಗೆದ. ತುದಿಯಲ್ಲೂ ಎಣ್ಣೆಯ ಪಸೆ ಇರಲಿಲ್ಲ. ಅವಳು ಹೇಳಿದಾಗ ಸುರಿದ, ನಿಲ್ಲಿಸು ಎಂದಾಗ ನಿಲ್ಲಿಸಿದ. ಅವಳು ಬ್ರೇಕ್ ಒತ್ತಿಹಿಡಿದು ಒಂದೊಂದು ಗೇರಿಗೂ ಹಾಕಿ ಕಾದಳು. ಕಡ್ಡಿಯಲ್ಲಿ ಗೆರೆಯ ತನಕ ಕೆಂಪು ಕಂಡಿತು ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಅವನ ಕಣ್ಣನ್ನು ನಂಬಬೇಕಾಗಿ ಬಂದದ್ದೇ ಅವಳಿಗೆ ಇನ್ನೊಂದು ಉರಿ. ಬಾನೆಟ್ ಮುಚ್ಚಿಸಿ ಬ್ರೇಕ್ ಸಡಿಲಿಸಿದಳು. ಕಾರು ಒಮ್ಮೆ ಜಗ್ಗಿ, ಬಾಗಿಲಿನ ಕಡೆಗೆ ಉರುಳಿತು.

ಬ್ರೇಕ್ ಹಾಕಿ ಅವನನ್ನು ಕಿಟಕಿಯ ಹತ್ತಿರ ಕರೆದಳು.

"ಹೋದ ತಿಂಗಳಿಗಿಂತ ಮುಂಚೆ ಒಂದು ಸಲನಾದ್ರೂ ಸ್ಟಾರ್ಟ್ ಮಾಡಿದ್ಯಾ? ನಿಜ ಹೇಳು."

ಅವನು ಕೈಗಂಟಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ.

"ಇಲ್ಲ ಅಕ್ಕ. ನೀನು ಮತ್ತೆ ಓಡಿಸ್ತೀಯ ಅಂತ ನಂಗೆ ಅನ್ನಿಸ್ಲೇ ಇಲ್ಲ."

ಪ್ರೀತಿಯಿಂದಲೇ ಹೇಳಿದ. ಅದೇ ಅವಳನ್ನು ಸುಟ್ಟಿತು. ಸೋಮಾರಿತನ ಎಂದಿದ್ದರೆ ಬೈದು ಬಿಡುತ್ತಿದ್ದಳು, ಮರೆತೆ ಎಂದಿದ್ದರೆ ಇನ್ನೂ ಬೈದು ಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಅವಳ ಮಂಚದ ಪಕ್ಕ ಕೂತವನು ಇವನೇ, ಅವಳ ಕೈ ಹಿಡಿದು ಅತ್ತವನೂ ಇವನೇ. ಅಳುತ್ತಲೇ ಅವಳನ್ನು ಮನಸ್ಸಿನಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲ ಮೇಲೆ ಶಾಲು ಹೊದಿಸಿ ಮುಗಿಸಿಬಿಟ್ಟಿದ್ದ. ಅವನು ಎಳ್ಳುನೀರು ಬಿಟ್ಟದ್ದು ಕಾರೊಂದಕ್ಕೇ ಆಗಿರಲಿಲ್ಲ. ಗುಜರಿಯವನಿಗೆ ನೀನೇ ಫೋನ್ ಮಾಡಿ ಬರಬೇಡ ಎನ್ನು ಎಂದಷ್ಟೇ ಹೇಳಿ ಅವಳು ಕಾರನ್ನು ಬೀದಿಗಿಳಿಸಿದಳು. ಅವನು ಹತ್ತಲು ಬಂದ. ಅವಳು ನಿಲ್ಲಿಸಲಿಲ್ಲ.

ಒಣಗಿದ ಸೀಲು ಇನ್ನೂ ತೊಟ್ಟಿಕ್ಕುತ್ತಿತ್ತು. ಅದನ್ನು ಬದಲಿಸುವುದು ಮೇಸ್ತ್ರಿಯ ಕೆಲಸ, ಅದು ಸಂಜೆಗೆ. ಅವಳು ನೇರ ಮಾರುಕಟ್ಟೆಗೆ ಹೋಗಿ, ಹಳೆಯ ಗಿರಾಕಿಯಾದ ಕಿರಾಣಿಯವನ ಅಂಗಡಿ ಮುಂದೆ ಕಾರು ನಿಲ್ಲಿಸಿ, ಊರುಗೋಲು ಊರಿಕೊಂಡು ಒಳಗೆ ಹೋದಳು. ಕಿರಾಣಿಯವನು ಅವಳನ್ನು ನೋಡಿ ಎದ್ದು ನಿಂತ. ಅವನ ಮುಖದಲ್ಲಿ ಖುಷಿಗಿಂತ ಗಾಬರಿಯೇ ಹೆಚ್ಚಾಗಿತ್ತು. ನೀವು ಕೆಲಸ ಬಿಟ್ಟಿರಿ ಎಂದುಕೊಂಡಿದ್ದೆ ಎಂದ. ಯಾರು ಹೇಳಿದರು ಎಂದು ಅವಳು ಕೇಳಿದಳು.

"ನಿಮ್ಮ ತಮ್ಮ. ನೀವು ಆಸ್ಪತ್ರೆ ಸೇರಿದ ವಾರಾನೇ ಇಲ್ಲಿ ಎಲ್ಲಾ ಅಂಗಡಿಗೂ ಬಂದು, ಅಕ್ಕ ಇನ್ನು ಬರಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳಿ ಹೋದ್ರು. ಕಣ್ಣಲ್ಲಿ ನೀರಿತ್ತು ಅವರಿಗೆ."

ಅಕ್ಕ ಗಲ್ಲಾದ ಮೇಲೆ ಕೈಯೂರಿದಳು. ಸೊಂಟ ನೋಯುತ್ತಿತ್ತು. ಕೂತುಕೊಳ್ಳಿ ಎಂದು ಕಿರಾಣಿಯವನು ಎಳೆದ ಸ್ಟೂಲನ್ನು ಊರುಗೋಲಿನಿಂದ ಪಕ್ಕಕ್ಕೆ ತಳ್ಳಿದಳು.

"ಅವನು ಅತ್ತಿದ್ದು ಅವನಕ್ಕನಿಗೋಸ್ಕರ. ನಿಮ್ಮ ತಕ್ಕಡಿ ರಿಪೇರಿ ಮಾಡೋಳು ನಾನು. ಅದನ್ನ ಕೆಳಗಿಳಿಸಿ" ಎಂದಳು.